ಕಾಶಿಯಲ್ಲಿ ದೋಣಿ ನಿಲ್ಲದ ದಂಡೆ

ಅಸ್ಸೀ ಘಾಟಿನಿಂದ ಹೊರಟ ಪ್ರವಾಸಿಗರ ದೋಣಿ ತುಲಸೀ ಘಾಟಿನ ಎದುರು ಕೊಂಚ ನಿಧಾನಿಸುತ್ತದೆ. ಚೇತಸಿಂಹನ ಕೋಟೆಯ ಗೋಡೆ ಕಂಡಾಗ ಅಂಬಿಗ ಮತ್ತೆ ಬಾಯಿ ತೆರೆಯುತ್ತಾನೆ. ಹರಿಶ್ಚಂದ್ರ, ದಶಾಶ್ವಮೇಧ, ಮಣಿಕರ್ಣಿಕೆಗಳ ಕಥೆ ಹೇಳಿ ವಿಹಾರವನ್ನು ಮುಗಿಸುತ್ತಾನೆ. ನಡುವಿನ ಭದೈನಿಯ ದಂಡೆ ಮಾತ್ರ ಹೆಸರಿಲ್ಲದೆ ಹಿಂದೆ ಸರಿಯುತ್ತದೆ. ಬಚ್ಛರಾಜ ಘಾಟ್, ಜೈನ ಘಾಟ್ ಇರುವುದು ಅಲ್ಲಿಯೇ. ಏಳನೆಯ ತೀರ್ಥಂಕರ ಸುಪಾರ್ಶ್ವನಾಥನ ಜನ್ಮಸ್ಥಳವೆಂದು ಜೈನ ಪರಂಪರೆ ಮನ್ನಿಸುತ್ತ ಬಂದ ನೆಲೆಯೂ ಅದೇ. ಇದಕ್ಕೆ ಅಂಬಿಗನನ್ನು ದೂರುವುದು ಅನ್ಯಾಯ. ಕೇಳುವವರು ಬಯಸಿದ್ದನ್ನು ಅವನು ಹೇಳುತ್ತಾನೆ. ಆಕ್ಷೇಪಾರ್ಹರು, ಅವನ ಪಟ್ಟಿಯನ್ನೇ ನಗರದ ಚರಿತ್ರೆಯೆಂದು ಬರೆದಿಡುವ ವಿದ್ಯಾವಂತರು.

ದಶಾಶ್ವಮೇಧದ ಸಂಜೆಯ ಗಂಗಾರತಿಯನ್ನು ಇಂಥವರು ಸನಾತನ ಕಾಲದಿಂದ ನಡೆದುಬಂದ ವಿಧಿಯೆಂಬಂತೆ ವರ್ಣಿಸುತ್ತಾರೆ. ಅದು ಇಂದಿನ ವೈಭವದ ರೂಪವನ್ನು ತಾಳಿದ್ದು ಕಳೆದ ಶತಮಾನದ ಕೊನೆಯ ದಶಕದಲ್ಲಿ. ಅದನ್ನು ನೋಡಬಾರದೆಂದಲ್ಲ, ಆದರೆ ಮೂರು ದಶಕಗಳ ದೃಶ್ಯ ಪ್ರಾಚೀನವೆನಿಸಿಕೊಂಡು, ಗುಪ್ತಯುಗದ ಶಿಲ್ಪ ಪಟ್ಟಿಯಿಂದ ಬಿದ್ದುಹೋಗುವುದು ವಿಚಿತ್ರ. ವಾರಾಣಸಿಯಲ್ಲಿ ದೊರೆತ ಮಹಾವೀರನ ವಿಗ್ರಹ, ರಾಜಘಾಟಿನಲ್ಲಿ ದೊರೆತ ನೇಮಿನಾಥನ ವಿಗ್ರಹ, ಎರಡೂ ಕಾಶೀ ಹಿಂದೂ ವಿಶ್ವವಿದ್ಯಾಲಯದ ಭಾರತ ಕಲಾ ಭವನದಲ್ಲಿವೆ.

ಹಿಂದಿನವರು ನೋಡಿದ ಬಗೆಯೇ ಬೇರೆ. 1333ರಲ್ಲಿ ಪೂರ್ಣಗೊಂಡ ‘ವಿವಿಧತೀರ್ಥಕಲ್ಪ’ದಲ್ಲಿ ಶ್ವೇತಾಂಬರಾಚಾರ್ಯ ಜಿನಪ್ರಭಸೂರಿ ವಾರಾಣಸಿಯನ್ನು ನಾಲ್ಕಾಗಿ ವಿಭಾಗಿಸಿ ಕಾಣುತ್ತಾನೆ. ವಿಶ್ವನಾಥನ ಪ್ರಾಸಾದವಿರುವ ದೇವವಾರಾಣಸಿ, ಅಂದು ಯವನರು ನೆಲೆಸಿದ್ದ ರಾಜಧಾನೀ ವಾರಾಣಸಿ, ಮದನವಾರಾಣಸಿ, ವಿಜಯವಾರಾಣಸಿ. ತನ್ನ ಮತದ ತೀರ್ಥವನ್ನು ಅರಸಿ ಬಂದ ಮುನಿಯ ಬರಹದಲ್ಲಿ ಪರಮತದವರಿಗೆ ದೊರೆತ ಸ್ಥಳ, ಇಂದಿನ ಪ್ರವಾಸಕಥನಗಳಲ್ಲಿ ಜೈನರಿಗೆ ದೊರೆಯುವುದಿಲ್ಲ.

ಭದೈನಿಯ ಮಹತ್ತ್ವ ಪುರಾಣದಿಂದ ಮಾತ್ರ ಬಂದುದಲ್ಲ. ಗಣೇಶಪ್ರಸಾದ ವರ್ಣಿಯವರು ನ್ಯಾಯಶಾಸ್ತ್ರ ಕಲಿಯಲೆಂದು ಕಾಶಿಗೆ ಬಂದಾಗ, ಜೈನನೆಂದು ತಿಳಿದೊಡನೆ ವಿದ್ವಾಂಸರೊಬ್ಬರು ಪಾಠ ಹೇಳಲು ಒಪ್ಪಲಿಲ್ಲ. ಆ ಅವಮಾನದ ಪ್ರಸಂಗ ಅವರ ಆತ್ಮಕಥೆ ‘ಮೇರೀ ಜೀವನಗಾಥಾ’ದಲ್ಲಿದೆ. ಬಳಿಕ ಅವರಿಗೆ ಪಾಠ ಹೇಳಿದ ಅಂಬಾದಾಸ ಶಾಸ್ತ್ರಿಗಳೂ ವೈದಿಕ ವಿದ್ವಾಂಸರೇ ಎಂಬುದನ್ನು ಮರೆಯಬಾರದು. ದಾನವಾಗಿ ಬಂದ ಒಂದು ರೂಪಾಯಿಗೆ 64 ಅಂಚೆಕಾರ್ಡುಗಳನ್ನು ಕೊಂಡು, ಊರೂರಿನ ಶ್ರಾವಕರಿಗೆ ಬರೆದು, 1905ರಲ್ಲಿ ಅವರು ಕಟ್ಟಿ ನಿಲ್ಲಿಸಿದ ಸಂಸ್ಥೆಯೇ ಗಂಗೆಯ ದಂಡೆಯ ಸ್ಯಾದ್ವಾದ ಮಹಾವಿದ್ಯಾಲಯ. ಅಕಲಂಕನ ತರ್ಕಗ್ರಂಥಗಳನ್ನು ಸಂಪಾದಿಸಿದ ಮಹೇಂದ್ರಕುಮಾರ ನ್ಯಾಯಾಚಾರ್ಯರು, ಸಿದ್ಧಾಂತಶಾಸ್ತ್ರಿ ಕೈಲಾಶಚಂದ್ರರು ಪಾಠ ಹೇಳಿದ್ದು ಇಲ್ಲಿ.

ಕನ್ನಡದ ಸಂಶೋಧಕನಿಗಂತೂ ಈ ಅಜ್ಞಾನ ಶೋಭಿಸದು. ಜ್ಞಾನಪೀಠವೆಂದರೆ ಪ್ರಶಸ್ತಿಯೆಂದಷ್ಟೇ ಬಲ್ಲವರು ಅನೇಕರು. ಭಾರತೀಯ ಜ್ಞಾನಪೀಠ 1944ರಲ್ಲಿ ಸ್ಥಾಪನೆಯಾದದ್ದು ಕಾಶಿಯಲ್ಲಿ, ಪ್ರಾಚೀನ ಗ್ರಂಥಗಳ ಉದ್ಧಾರಕ್ಕಾಗಿ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದ ‘ಮಹಾಬಂಧ’ದ ಮೊದಲ ಸಂಪುಟ 1947ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ನಾಡಿನ ತಾಡೆಯೋಲೆ ಗ್ರಂಥಗಳ ಸೂಚಿಯೂ 1948ರಲ್ಲಿ ಅಲ್ಲಿಯೇ ಅಚ್ಚಾಯಿತು. ಆ ಸೂಚಿಯನ್ನು ಆಧರಿಸಿ ಪ್ರಬಂಧ ಬರೆದವನು ಕಾಶಿಗೆ ಹೋಗಿ ಆರತಿಯ ಛಾಯಾಚಿತ್ರದೊಂದಿಗೆ ಮರಳಿದರೆ, ಅವನು ನೋಡಿಬಂದ ಕಾಶಿ ಯಾವುದು?

ಜೈನ ಯಾತ್ರಾಸಂಘಗಳ ಪಾಡೂ ಮೆಚ್ಚುವಂಥದಲ್ಲ. ಭದೈನಿ, ಪಾರ್ಶ್ವನಾಥನ ಭೇಲೂಪುರ, ಶ್ರೇಯಾಂಸನಾಥನ ಸಿಂಹಪುರಿ, ಚಂದ್ರಪ್ರಭನ ಚಂದ್ರಪುರಿ, ಈ ನಾಲ್ಕನ್ನೂ ಒಂದೇ ಹಗಲಿನಲ್ಲಿ ಮುಗಿಸಿ ಬಸ್ಸು ಸಮ್ಮೇದಶಿಖರದತ್ತ ಓಡುತ್ತದೆ. ಅರ್ಘ್ಯ ಅರ್ಪಿಸಿದ ಭಕ್ತರಿಗೆ, ಬಸದಿಗೆ ಹತ್ತಿರದಲ್ಲೇ ಇರುವ ವಿದ್ಯಾಲಯದ ಹೆಸರನ್ನೂ ಯಾರೂ ಹೇಳುವುದಿಲ್ಲ. ತಮ್ಮವರೇ ಕೇಳದ ಕಥೆಯನ್ನು ಅಂಬಿಗ ಹೇಳಬೇಕೆಂದು ಬಯಸುವುದು ಎಂಥ ನ್ಯಾಯ?

ವೇಳೆಯಿಲ್ಲವೆಂಬ ಸಬೂಬು ನಿಲ್ಲದು. ಗಂಗೆ ಉಕ್ಕಿ ಮೆಟ್ಟಿಲು ಮುಳುಗದ ದಿನಗಳಲ್ಲಿ ಅಸ್ಸಿಯಿಂದ ಜೈನ ಘಾಟಿಗೆ ದೋಣಿಯೇ ಬೇಕಿಲ್ಲ; ದಂಡೆಯ ಮೇಲೆ ನಡೆದೇ ಹೋಗಬಹುದು.