‘ಚಿತ್ರಕೃಪೆ: ಅಂತರ್ಜಾಲ’

ಇತ್ತೀಚಿನ ಕನ್ನಡ ಪುಸ್ತಕಗಳ ಒಳಪುಟಗಳಲ್ಲಿ, ಪ್ರವಾಸ ಸಂಸ್ಥೆಗಳ ಜಾಲತಾಣಗಳಲ್ಲಿ, ವ್ಯಾಪಾರಿಗಳ ಜಾಹೀರಾತುಗಳಲ್ಲಿ ಒಂದು ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ: ‘ಚಿತ್ರಕೃಪೆ: ಅಂತರ್ಜಾಲ’. ಅಂತರ್ಜಾಲವು ಕೃಪೆ ತೋರಬಲ್ಲ ವ್ಯಕ್ತಿಯಲ್ಲ. ಅದು ಚಿತ್ರ ಸಿಕ್ಕಿದ ಸ್ಥಳ ಮಾತ್ರ. ಈ ಸಾಲಿನಲ್ಲಿ ಋಣದ ಸ್ಮರಣೆಯಿದೆ, ಆದರೆ ಋಣ ಯಾರದೆಂಬುದು ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಅದು ಅನುಮತಿಯೂ ಅಲ್ಲ, ಕರ್ತೃವಿನ ಉಲ್ಲೇಖವೂ ಅಲ್ಲ.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರವು ಒಂದು ಕಲಾಕೃತಿ. ಅದನ್ನು ತೆಗೆದವನೇ ಅದರ ಕರ್ತೃ. ಸಂಬಳಕ್ಕಾಗಿ ಅಥವಾ ಹಣ ಪಡೆದು ಬೇರೆಯವರಿಗಾಗಿ ತೆಗೆದಾಗ ಸ್ವಾಮ್ಯವು ಸಾಮಾನ್ಯವಾಗಿ ತೆಗೆಸಿದವರಿಗೆ ಸಲ್ಲುತ್ತದೆ. ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ, ಚಿತ್ರದ ಮೂಲೆಯಲ್ಲಿ ಹೆಸರಿನ ಮುದ್ರೆಯೂ ಬೇಕಿಲ್ಲ. 2012ರ ತಿದ್ದುಪಡಿಗೆ ಮೊದಲು ಛಾಯಾಚಿತ್ರಕ್ಕೆ ಪ್ರಕಟಣೆಯಿಂದ 60 ವರ್ಷಗಳ ರಕ್ಷಣೆಯಿತ್ತು. ಈಗ ಅದು ಕರ್ತೃವಿನ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳಿಗೆ ವಿಸ್ತರಿಸಿದೆ. ಅಂದರೆ ಕವಿಗೆ ಇರುವ ಸ್ಥಾನವೇ ಛಾಯಾಗ್ರಾಹಕನಿಗೂ ದೊರೆತಿದೆ.

‘ಸ್ಮಾರಕ ಎಲ್ಲರದು, ಆದ್ದರಿಂದ ಅದರ ಚಿತ್ರವೂ ಎಲ್ಲರದು’ ಎಂಬುದು ನಮ್ಮಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ. ಹಂಪೆಯ ನಿದರ್ಶನವನ್ನೇ ನೋಡಬಹುದು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಅಲ್ಲಿನ ಸ್ಮಾರಕಗಳ ಛಾಯಾಚಿತ್ರಗಳನ್ನು ತೆಗೆದನು. ಕಲ್ಲಿನ ರಥದ ಮೇಲೆ ಆಗ ಇದ್ದು ಈಗ ಇಲ್ಲವಾಗಿರುವ ಇಟ್ಟಿಗೆಯ ಗೋಪುರವನ್ನು ನಾವು ಕಾಣುವುದು ಅವನ ಚಿತ್ರದಲ್ಲಿಯೇ. ಆ ಚಿತ್ರಗಳ ಸ್ವಾಮ್ಯದ ಅವಧಿ ಎಂದೋ ಮುಗಿದಿದೆ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತ ತಾಣಗಳನ್ನೇ ಹುಡುಕಿ ಅಲ್ಲಿಂದ ಮತ್ತೆ ಚಿತ್ರ ತೆಗೆದರು. ಕಲ್ಲು ಅದೇ, ಕೋನವೂ ಬಹುಮಟ್ಟಿಗೆ ಅದೇ; ಆದರೆ ಮೊದಲನೆಯದು ಎಲ್ಲರ ಸ್ವತ್ತು, ಎರಡನೆಯದು ಸ್ವಾಮ್ಯಕ್ಕೆ ಒಳಪಟ್ಟದ್ದು. ಕಾನೂನು ಕಾಯುವುದು ಸ್ಮಾರಕವನ್ನಲ್ಲ, ಅದನ್ನು ಕಂಡ ಕಣ್ಣಿನ ಮತ್ತು ಕೈಯ ದುಡಿಮೆಯನ್ನು.

ಸಂಶೋಧಕರು ಇಲ್ಲಿ ‘ನಮಗೆ ವಿನಾಯಿತಿ ಇದೆ’ ಎನ್ನಬಹುದು. ಇದೆ. ಸಂಶೋಧನೆಯೂ ಸೇರಿದಂತೆ ಖಾಸಗಿ ಉಪಯೋಗಕ್ಕೆ, ವಿಮರ್ಶೆಗೆ ಮಾಡುವ ನ್ಯಾಯಯುತ ಬಳಕೆಯನ್ನು ಕಾಯಿದೆಯ 52ನೆಯ ಪ್ರಕರಣ ಮಾನ್ಯ ಮಾಡುತ್ತದೆ. ಶಿಲ್ಪವೊಂದರ ಛಾಯಾಚಿತ್ರವನ್ನು ಮಹಾಪ್ರಬಂಧದಲ್ಲಿಟ್ಟು ಚರ್ಚಿಸುವುದು ಒಂದು; ಅದೇ ಪ್ರಬಂಧವು ಮಾರಾಟದ ಪುಸ್ತಕವಾದಾಗ ಆ ಚಿತ್ರವನ್ನು ಮುಖಪುಟದ ಅಲಂಕಾರವಾಗಿಸುವುದು ಇನ್ನೊಂದು. ಎರಡನೆಯದು ವ್ಯಾಪಾರ. ಪ್ರಕಾಶಕನಿಗೂ ವಸತಿಗೃಹದ ಮಾಲೀಕನಿಗೂ ಆಗ ನಿಯಮ ಒಂದೇ.

ಕೆಲವರು ಪರಂಪರೆಯ ಹೆಸರಿನಲ್ಲಿ ಆಕ್ಷೇಪಿಸುತ್ತಾರೆ: ಪ್ರತಿ ಮಾಡುವುದು ನಮ್ಮಲ್ಲಿ ಪುಣ್ಯಕಾರ್ಯವಾಗಿತ್ತು, ಸ್ವಾಮ್ಯವೆಂಬುದು ಹೊರಗಿನ ಕಲ್ಪನೆ ಎಂದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಪ್ರತೀತಿ ಅವರ ಮುಖ್ಯ ಆಧಾರ. ಆದರೆ ಆಕೆ ಬರೆಯಿಸಿದ್ದು ತನ್ನ ವೆಚ್ಚದಲ್ಲಿ, ಕೊಟ್ಟದ್ದು ದಾನವಾಗಿ, ಕೃತಿಯ ಮೇಲೆ ಉಳಿದದ್ದು ಪೊನ್ನನ ಹೆಸರು. ಬೇರೆಯವರ ದುಡಿಮೆಯನ್ನು ಹೆಸರಳಿಸಿ, ಬಿಡಿಗಾಸೂ ಕೊಡದೆ, ಲಾಭಕ್ಕಾಗಿ ಬಳಸುವವರು ಆಕೆಯನ್ನು ಸಾಕ್ಷಿಗೆ ಕರೆಯುವುದು ಅನ್ಯಾಯ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳಲ್ಲಿ ಹೆಸರು ಕೊರೆದಿಟ್ಟಿದ್ದಾರೆ. ಕರ್ತೃವಿನ ಹೆಸರು ಉಳಿಯಬೇಕೆಂಬ ಹಂಬಲ ನಮಗೆ ಹೊಸದೇನಲ್ಲ.

ಮಾಡಬೇಕಾದದ್ದು ಕಷ್ಟದ ಕೆಲಸವೂ ಅಲ್ಲ. ಚಿತ್ರ ತೆಗೆದವರನ್ನು ಹುಡುಕಿ, ಬಳಕೆಯ ಉದ್ದೇಶ ತಿಳಿಸಿ, ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಒಪ್ಪಂದದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಕಾಯಿದೆ ಅದನ್ನು 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸುತ್ತದೆ. ಜಗತ್ತಿಗೆಲ್ಲ ತೆರೆದಿರುವ ಜಾಲತಾಣಕ್ಕೆ ಇದು ಸಣ್ಣ ಸಂಗತಿಯಲ್ಲ. ವಿಕಿಮೀಡಿಯ ಕಾಮನ್ಸ್‌ನಂಥ ಮುಕ್ತ ಭಂಡಾರಗಳಲ್ಲಿಯೂ ಪ್ರತಿ ಚಿತ್ರದ ಷರತ್ತನ್ನು ಓದಬೇಕು; ಅಲ್ಲಿನ ಬಹುಪಾಲು ಚಿತ್ರಗಳು ಹಣ ಕೇಳುವುದಿಲ್ಲ, ಹೆಸರನ್ನು ಕೇಳುತ್ತವೆ. ಇತರ ಕಡೆ ಹೆಸರು ಹಾಕಿದ ಮಾತ್ರಕ್ಕೆ ಅನುಮತಿಯ ಅಗತ್ಯ ತಪ್ಪುವುದಿಲ್ಲ ಎಂಬುದೂ ನೆನಪಿರಲಿ. ಕರ್ತೃ ಸಿಗದಿದ್ದರೆ ಆ ಚಿತ್ರವನ್ನು ಕೈಬಿಟ್ಟು, ಸಾಧ್ಯವಾದರೆ ನಾವೇ ಹೋಗಿ ತೆಗೆಯುವುದು ಲೇಸು.

ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನ ಹೆಸರು ಅಳಿಸಿಹೋಗಿದ್ದರೆ ನಾವು ಎಷ್ಟೊಂದು ಮರುಗುತ್ತೇವೆ! ನಮ್ಮ ಕಾಲದ ಛಾಯಾಗ್ರಾಹಕರ ಹೆಸರುಗಳನ್ನು ನಾವೇ ಅಳಿಸುತ್ತ ಹೋದರೆ, ಮುಂದಿನ ಸಂಶೋಧಕನು ಈ ಚಿತ್ರಗಳನ್ನು ತೆಗೆದವರಾರು, ಯಾವಾಗ ತೆಗೆದರು ಎಂದು ಕೇಳುವಾಗ ಅವನಿಗೆ ಸಿಗುವ ಉತ್ತರ ಒಂದೇ: ಅಂತರ್ಜಾಲ.