ಕೊಡಲಿ ತಾಗದೆಯೇ ಒಣಗಿದ ಕಾಂಡ್ಲಾ ಕಾಡು

ಸಮುದ್ರ ಮಟ್ಟ ಏರಿದರೆ ಕಾಂಡ್ಲಾ ವನಕ್ಕೆ ಕುತ್ತು ಎಂಬುದು ಸಾಮಾನ್ಯ ಗ್ರಹಿಕೆ. ಉತ್ತರ ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 2015ರ ಕೊನೆಯಲ್ಲಿ ಎಲ್ ನಿನೊ ಪ್ರಭಾವದಿಂದ ಅಲ್ಲಿ ಸಮುದ್ರ ಮಟ್ಟ ತಾತ್ಕಾಲಿಕವಾಗಿ ಕುಸಿಯಿತು, ಮಳೆಯೂ ಕೈಕೊಟ್ಟಿತ್ತು. ಉಬ್ಬರದ ನೀರು ಸಾಲದೆ ಬೇರುಗಳು ಬಾಯಾರಿದವು, ಎಲೆಗಳು ಉದುರಿದವು. ಸುಮಾರು 1,000 ಕಿ.ಮೀ. ಕರಾವಳಿಯಲ್ಲಿ 7,000 ಹೆಕ್ಟೇರ್‌ಗೂ ಅಧಿಕ ಕಾಡು ಕೆಲವೇ ತಿಂಗಳಲ್ಲಿ ಒಣಗಿತು.

ಉಪ್ಪುನೀರಿನ ಗಿಡವೂ ಸಿಹಿನೀರಿನ ಋಣದಲ್ಲಿದೆ. ಮಳೆ ಉಪ್ಪನ್ನು ತೊಳೆದಾಗ ಚಿಗುರು ಹುಲುಸು. ಕುಮಟಾ ಬಳಿಯ ಅಘನಾಶಿನಿ ಅಳಿವೆಯ ಕಾಂಡ್ಲಾಕ್ಕೆ ಆ ಸಿಹಿನೀರು ಒದಗುವುದು ಘಟ್ಟದ ಮುಂಗಾರಿನಿಂದ. ಅದೇ 2015ರಲ್ಲಿ ದೇಶದ ಮುಂಗಾರು ಶೇ 14ರಷ್ಟು ಕೊರತೆ ಕಂಡಿತ್ತು. ಹೀಗಿರುವಾಗ ಸಸಿ ನೆಟ್ಟ ಹೆಕ್ಟೇರ್ ಲೆಕ್ಕವೊಂದನ್ನೇ ನೋಡಿ ಅಳಿವೆಯ ಆರೋಗ್ಯ ಹೇಳಲಾಗದು. ಬೇಸಿಗೆಯಲ್ಲಿ ನದಿಯ ಹರಿವೆಷ್ಟು, ಮಣ್ಣಿನ ಉಪ್ಪೆಷ್ಟು ಎಂಬುದೂ ತಿಳಿಯಬೇಕು.