ಮುಗ್ಗಟ್ಟಿನ ಅನಂತರ ವಿಮಾ ಸಂಸ್ಥೆಗಳ ಮೊದಲ ಖರ್ಚು

ವಿಮೆಯೆಂಬುದು ಒಂದು ವಾಗ್ದಾನ. ಇಂದು ಸ್ವಲ್ಪ ಹಣವನ್ನು ಪಡೆದು, ಆಪತ್ತು ಒದಗಿದ ದಿನ ಅಥವಾ ಮೂವತ್ತು ವರ್ಷಗಳು ಕಳೆದ ಮೇಲೆ ಹೆಚ್ಚಿನ ಹಣವನ್ನು ಕೊಡುವೆವೆಂದು ಸಂಸ್ಥೆಯು ಮಾತು ಕೊಡುತ್ತದೆ. ಈ ಮಾತಿಗೆ ಆಧಾರ ಗಣಿತ. ಧೂಮಕೇತುವಿನಿಂದ ಪ್ರಸಿದ್ಧನಾದ ಎಡ್ಮಂಡ್ ಹ್ಯಾಲಿಯೇ ೧೬೯೩ರಲ್ಲಿ ಬ್ರೆಸ್ಲಾ ನಗರದ ಜನನ ಮರಣಗಳ ದಾಖಲೆಯಿಂದ ಆಯುಸ್ಸಿನ ಕೋಷ್ಟಕವನ್ನು ರಚಿಸಿದನು. ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಸಂಸ್ಥೆಯು ೧೯೫೪ರಷ್ಟು ಹಿಂದೆಯೇ ಯೂನಿವ್ಯಾಕ್ ಗಣಕಯಂತ್ರವನ್ನು ತರಿಸಿಕೊಂಡಿತು. ಲೆಕ್ಕವೇ ಬಂಡವಾಳವಾಗಿರುವ ಉದ್ಯಮಕ್ಕೆ ಇದು ಸಹಜವೇ ಸರಿ.

ಆದರೆ ಆರ್ಥಿಕ ಮುಗ್ಗಟ್ಟು ಬಂದುಹೋದ ಮೇಲೆ ಸಂಸ್ಥೆಯ ಥೈಲಿ ಬರಿದಾಗಿರುತ್ತದೆ. ಉಳಿದ ಅಲ್ಪ ಹಣವನ್ನು ಯಾವ ತಂತ್ರಜ್ಞಾನಕ್ಕೆ ವಿನಿಯೋಗಿಸಬೇಕು? ಹೊಸ ಗಿರಾಕಿಗಳನ್ನು ಸೆಳೆಯುವ ಮಾರಾಟದ ಸಾಧನಗಳಿಗೆಂದು ಹಲವರು ಹೇಳುತ್ತಾರೆ. ಕೊಟ್ಟ ಮಾತನ್ನು ಅಳೆಯುವ ಸಾಧನಗಳಿಗೇ ಮೊದಲ ಸ್ಥಾನ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಜಪಾನಿನ ಉದಾಹರಣೆಯನ್ನು ನೋಡೋಣ. ೧೯೮೦ರ ದಶಕದಲ್ಲಿ ಅಲ್ಲಿನ ಜೀವವಿಮಾ ಸಂಸ್ಥೆಗಳು ದೀರ್ಘಾವಧಿಯ ಪಾಲಿಸಿಗಳಿಗೆ ಶೇಕಡ ೫.೫ರಷ್ಟು ಪ್ರತಿಫಲದ ಭರವಸೆಯನ್ನು ಕೊಟ್ಟವು. ಮುಂದಿನ ದಶಕದಲ್ಲಿ ಬಡ್ಡಿಯ ದರ ಕುಸಿಯಿತು. ೧೯೯೫ರಲ್ಲಿ ಜಪಾನ್ ಬ್ಯಾಂಕಿನ ದರವು ಶೇಕಡ ೦.೫ಕ್ಕೆ ಇಳಿಯಿತು. ವಿದ್ಯಾರ್ಥಿಗಳು ಚಕ್ರಬಡ್ಡಿಯ ಸೂತ್ರದಿಂದ ತಾವೇ ಪರೀಕ್ಷಿಸಬಹುದು: ಸಾವಿರ ಯೆನ್ ಶೇಕಡ ೫.೫ರಂತೆ ಮೂವತ್ತು ವರ್ಷಗಳಲ್ಲಿ ಸುಮಾರು ೪,೯೮೦ ಆಗುತ್ತದೆ; ಶೇಕಡ ೨ರಂತೆ ಸುಮಾರು ೧,೮೧೦ ಮಾತ್ರ. ನಡುವಿನ ಅಂತರವನ್ನು ತುಂಬುವವರು ಯಾರು? ೧೯೯೭ರಲ್ಲಿ ನಿಸ್ಸಾನ್ ಮ್ಯೂಚುವಲ್ ಲೈಫ್ ಬಿದ್ದಿತು. ೨೦೦೧ರ ವೇಳೆಗೆ ಒಟ್ಟು ಏಳು ಜೀವವಿಮಾ ಸಂಸ್ಥೆಗಳು ನೆಲಕಚ್ಚಿದ್ದವು.

ಅಮೆರಿಕದ ಎ.ಐ.ಜಿ. ಸಂಸ್ಥೆಯ ಕಥೆ ಇನ್ನೊಂದು ಬಗೆಯದು. ಅದರ ಒಂದು ಅಂಗಸಂಸ್ಥೆಯು ಇತರರ ಸಾಲಗಳು ಮುಳುಗಿದರೆ ನಷ್ಟವನ್ನು ತುಂಬಿಕೊಡುವ ಕರಾರುಗಳನ್ನು ಮಾರಿತ್ತು. ಸಾಲ ಮುಳುಗುವ ಸಂಭವವನ್ನು ಅದರ ಗಣಿತದ ಮಾದರಿಯು ಅಳೆಯುತ್ತಿತ್ತು. ಆದರೆ ಆ ಸಾಲಪತ್ರಗಳ ಬೆಲೆ ಇಳಿದೊಡನೆ ಎದುರುಪಕ್ಷದವರು ಒತ್ತೆಯ ಹಣವನ್ನು ಕೇಳಬಹುದೆಂಬುದನ್ನು ಅಳೆಯಲಿಲ್ಲ. ಬೇಡಿಕೆ ಬಂದಾಗ ಕೈಯಲ್ಲಿ ಹಣವಿರಲಿಲ್ಲ. ೨೦೦೮ರ ಸೆಪ್ಟೆಂಬರ್ ೧೬ರಂದು ಅಮೆರಿಕದ ಕೇಂದ್ರ ಬ್ಯಾಂಕು ೮,೫೦೦ ಕೋಟಿ ಡಾಲರುಗಳವರೆಗೆ ಸಾಲ ಕೊಡಲು ಮುಂದಾಗಬೇಕಾಯಿತು.

ಆದುದರಿಂದ ಮೊದಲು ಆಗಬೇಕಾದುದು ದಾಖಲೆಗಳ ಶುದ್ಧೀಕರಣ. ೧೯೫೯ರಲ್ಲಿ ರೂಪಿಸಿದ ಕೋಬಾಲ್ ಭಾಷೆಯ ಕ್ರಮವಿಧಿಗಳು ಇಂದಿಗೂ ಹಲವು ವಿಮಾ ಸಂಸ್ಥೆಗಳಲ್ಲಿ ನಡೆಯುತ್ತಿವೆ. ಅವನ್ನು ಬಲ್ಲವರು ನಿವೃತ್ತರಾಗುತ್ತಿದ್ದಾರೆ. ಹಳೆಯ ಪಾಲಿಸಿ ಒಂದು ಯಂತ್ರದಲ್ಲಿ, ಹೊಸದು ಇನ್ನೊಂದರಲ್ಲಿ ಇದ್ದರೆ ಒಟ್ಟು ಹೊಣೆಯನ್ನು ಕೂಡಿಸುವುದೇ ಕಷ್ಟ. ಎರಡನೆಯದು, ಬಡ್ಡಿ ಇಳಿದರೆ, ಷೇರುಗಳು ಕುಸಿದರೆ, ರೋಗ ಹರಡಿದರೆ, ಈ ಮೂರೂ ಒಟ್ಟಿಗೆ ಬಂದರೆ ಏನಾಗುವುದೆಂಬುದನ್ನು ಸಾವಿರಾರು ಕಲ್ಪಿತ ಸನ್ನಿವೇಶಗಳಲ್ಲಿ ಪರೀಕ್ಷಿಸುವ ಗಣನೆ. ಮೂರನೆಯದು, ಪರಿಹಾರವನ್ನು ಬೇಗ ಪಾವತಿ ಮಾಡುವ ವ್ಯವಸ್ಥೆ. ಗಳಿಸುವವನನ್ನು ಕಳೆದುಕೊಂಡ ಸಂಸಾರಕ್ಕೆ ಆರು ತಿಂಗಳು ತಡವಾಗಿ ಬಂದ ಹಣ ಅರ್ಧ ಹಣವೇ. ಮಾರಾಟದ ಬೆಡಗು ಇವೆಲ್ಲದರ ಅನಂತರ ಬರಲಿ.

ಸಂಸ್ಥೆಗಳನ್ನು ಕೆಡಿಸಿದುದು ಯಂತ್ರದ ಕೊರತೆಯಲ್ಲ, ಮನುಷ್ಯರ ಅತಿಯಾಸೆ ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯವಿದೆ. ಯಂತ್ರವು ವಿವೇಕವನ್ನು ಕೊಡಲಾರದು. ಆದರೆ ಅಪಾಯದ ಅಂಕಿ ಪ್ರತಿ ತಿಂಗಳೂ ನಿರ್ದೇಶಕರ ಮುಂದೆ ಬಂದು ಕುಳಿತರೆ, ತಿಳಿಯದೆ ಹೋಯಿತೆಂದು ಹೇಳುವ ಅವಕಾಶ ಯಾರಿಗೂ ಇರುವುದಿಲ್ಲ. ಹೊಸ ಗಿರಾಕಿಗಳಿಲ್ಲದೆ ಹಣವೆಲ್ಲಿಂದ ಬರುವುದೆಂದು ಕೇಳುವವರೂ ಉಂಟು. ಅಳತೆಯಿಲ್ಲದೆ ಮಾರಿದ ಪ್ರತಿಯೊಂದು ಪಾಲಿಸಿಯೂ ಆದಾಯದಂತೆ ಕಾಣುವ ಸಾಲ. ಜಪಾನಿನವರು ಮಾರಿದುದು ಅದನ್ನೇ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಒಂದು ಮುಗ್ಗಟ್ಟು ಮುಗಿದ ಕಾಲವು ಮುಂದಿನದರ ಹಿಂದಿನ ಕಾಲವೂ ಹೌದು. ಬಾಗಿಲನ್ನು ಭದ್ರಪಡಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಗಣಿತವನ್ನೂ ಗಣಕವಿಜ್ಞಾನವನ್ನೂ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಇಂತಹ ಸಂಸ್ಥೆಗಳಲ್ಲಿ ಕುಳಿತು ಈ ಲೆಕ್ಕವನ್ನು ಹಾಕುವರು. ಅವರು ಬರೆಯುವ ಪ್ರತಿಯೊಂದು ಅಂಕಿಯ ಹಿಂದೆಯೂ ಯಾರೋ ಒಬ್ಬರ ಉಳಿತಾಯವಿರುತ್ತದೆಂಬುದನ್ನು ಮರೆಯಬಾರದು.